ಹುತ್ತದೊಳಗೆ ಎಸಿ ಇದೆಯೇ? ಗೆದ್ದಲಿನ ಗೋಪುರದ ಬಗ್ಗೆ ಬರುವ ಫಾರ್ವರ್ಡ್‌ನಲ್ಲಿ ನಿಜವೆಷ್ಟು, ಸುಳ್ಳೆಷ್ಟು?

ಆಳೆತ್ತರದ ಕೆಂಪು ಹುತ್ತದ ಒಂದು ಫೋಟೊ. ಅದರ ಕೆಳಗೆ ಹೆಚ್ಚುಕಡಿಮೆ ಹೀಗೊಂದು ಬರಹ: ‘ಹೊರಗೆ ಎಷ್ಟೇ ಬಿಸಿಲಿದ್ದರೂ ಹುತ್ತದೊಳಗೆ ವರ್ಷವಿಡೀ ಒಂದೇ ತಾಪಮಾನ. ಇದು ಪ್ರಕೃತಿಯೇ ಮಾಡಿದ ಎಸಿ. ಅದಕ್ಕೇ ನಾಗರಹಾವು ಹುತ್ತ ಕಟ್ಟಿಕೊಂಡು ತಂಪಾಗಿ ಇರುತ್ತದೆ. ಹುತ್ತ ಇದ್ದಲ್ಲಿ ಕೊರೆದರೆ ನೀರು ಗ್ಯಾರಂಟಿ. ಎಲ್ಲರಿಗೂ ಕಳಿಸಿ.’ ಮಾತು ಸ್ವಲ್ಪ ಆಚೀಚೆ ಆಗಿರಬಹುದು, ಆದರೆ ಇಂಥದ್ದೊಂದು ನಿಮ್ಮ ಫ್ಯಾಮಿಲಿ ಗ್ರೂಪ್‌ಗೂ ಬಂದಿರುತ್ತದೆ.

ಇದು ಪೂರ್ತಿ ಸುಳ್ಳಾಗಿದ್ದರೆ ನಮ್ಮ ಕೆಲಸ ಸುಲಭವಾಗುತ್ತಿತ್ತು. ಇದರಲ್ಲಿ ಸ್ವಲ್ಪ ನಿಜವಿದೆ, ಸ್ವಲ್ಪ ಹಳೆಯ ತಪ್ಪು ತಿಳಿವಳಿಕೆ ಇದೆ, ಸ್ವಲ್ಪ ಶುದ್ಧ ಸುಳ್ಳಿದೆ. ಮೂರೂ ಕಲಸಿಹೋಗಿವೆ. ಇದು ಬರೀ ಕುತೂಹಲದ ವಿಷಯವೂ ಅಲ್ಲ. ಹುತ್ತ ನೋಡಿ, ಸಾಲ ಮಾಡಿ ಬೋರ್‌ವೆಲ್ ಕೊರೆಸುವವರಿದ್ದಾರೆ. ಹಾವು ಕಚ್ಚಿದಾಗ ಹುತ್ತದ ಮಣ್ಣು ಹಚ್ಚಿಕೊಂಡು ಸಮಯ ಕಳೆಯುವವರಿದ್ದಾರೆ. ಹಾಗಾಗಿ ಒಂದೊಂದೇ ಮಾತನ್ನು ಬಿಡಿಸಿ ನೋಡೋಣ.

ಹುತ್ತ ಕಟ್ಟುವವರು ಯಾರು?

ಇದಕ್ಕೆ ಉತ್ತರ ನಮ್ಮ ಗಾದೆಯಲ್ಲೇ ಇದೆ. ಗೆದ್ದಲು ಕಟ್ಟಿದ ಹುತ್ತದಲ್ಲಿ ಹಾವು ಸೇರಿಕೊಂಡಿತು ಎಂದು ಹಳ್ಳಿಗಳಲ್ಲಿ ಇಂದಿಗೂ ಹೇಳುತ್ತಾರೆ. ಯಾರೋ ಕಷ್ಟಪಟ್ಟು ಕಟ್ಟಿದ್ದನ್ನು ಇನ್ಯಾರೋ ಬಂದು ಅನುಭವಿಸಿದರೆ ಈ ಮಾತು ಬರುತ್ತದೆ. ಗಾದೆ ಮಾಡಿದವರ ಗಮನ ಸರಿಯಾಗಿಯೇ ಇತ್ತು. ಹಾವಿಗೆ ಮಣ್ಣು ಹೊರುವ ಕಾಲಿಲ್ಲ, ಉಂಡೆ ಕಟ್ಟುವ ಬಾಯಿಯ ರಚನೆಯೂ ಇಲ್ಲ. ಖಾಲಿಯಾದ ಅಥವಾ ಒಡೆದ ಹುತ್ತದ ಬಿಲವನ್ನು ಅದು ಬಳಸಿಕೊಳ್ಳುತ್ತದೆ, ಅಷ್ಟೇ.

ಕಟ್ಟುವುದು ಗೆದ್ದಲು. ಕೆಲವು ಕಡೆ ಇದನ್ನೇ ಒರಲೆ, ವರಲೆ ಎನ್ನುತ್ತಾರೆ. ‘ಬಿಳಿ ಇರುವೆ’ ಎಂಬ ಹೆಸರೂ ಇದೆ, ಆದರೆ ಇದು ಇರುವೆಯ ಸಂಬಂಧಿಯಲ್ಲ. ಕೀಟಗಳ ವಂಶಾವಳಿಯಲ್ಲಿ ಗೆದ್ದಲು ಜಿರಳೆಗೆ ಹತ್ತಿರದ ನೆಂಟ. ಮುಂಗಾರಿನ ಮೊದಲ ಮಳೆ ಬಿದ್ದ ಸಂಜೆ ದೀಪಕ್ಕೆ ಮುತ್ತಿ, ಬೆಳಗಾಗುವಷ್ಟರಲ್ಲಿ ರೆಕ್ಕೆ ಉದುರಿಸಿ ಹೋಗುವ ಹುಳುಗಳಿವೆಯಲ್ಲ, ಆ ಈಸಲು ಹುಳುಗಳೂ ಗೆದ್ದಲೇ. ಹೊಸ ಗೂಡು ಹೂಡಲು ಹೊರಟ ಗಂಡು ಹೆಣ್ಣುಗಳು ಅವು.

ಪ್ರಪಂಚದಲ್ಲಿ ಸುಮಾರು 3,000 ಬಗೆಯ ಗೆದ್ದಲುಗಳಿವೆ. ಎಲ್ಲವೂ ಹುತ್ತ ಕಟ್ಟುವುದಿಲ್ಲ. ಕೆಲವು ಮರದೊಳಗೇ ಇರುತ್ತವೆ, ಕೆಲವು ಪೂರ್ತಿ ನೆಲದಡಿ. ಕರ್ನಾಟಕದ ಹೊಲದ ಬದು, ಗುಡ್ಡ, ರಸ್ತೆ ಬದಿಗಳಲ್ಲಿ ಕಾಣುವ ಹುತ್ತಗಳಲ್ಲಿ ಹಲವನ್ನು ಕಟ್ಟುವುದು ಒಡಾಂಟೊಟರ್ಮಿಸ್ ಒಬೆಸಸ್ ಎಂಬ ಪ್ರಭೇದ. ಈ ಲೇಖನದಲ್ಲಿ ‘ನಮ್ಮ ಹುತ್ತ’ ಎಂದು ನಾವು ಹೇಳುವುದು ಇದನ್ನೇ.

ಗೋಪುರದೊಳಗೆ ಯಾರೂ ವಾಸವಿಲ್ಲ

ಇದನ್ನು ಕೇಳಿದರೆ ಹಲವರಿಗೆ ಆಶ್ಚರ್ಯವಾಗುತ್ತದೆ. ನಮ್ಮ ಕಣ್ಣಿಗೆ ಕಾಣುವ ಗೋಪುರದಲ್ಲಿ ಗೆದ್ದಲು ಸಂಸಾರ ಮಾಡುವುದಿಲ್ಲ. ರಾಜ, ರಾಣಿ, ಮೊಟ್ಟೆ, ಮರಿ, ಆಹಾರ ಎಲ್ಲ ಇರುವುದು ಕೆಳಗೆ, ನೆಲದೊಳಗಿನ ಗೂಡಿನಲ್ಲಿ. ಮೇಲಿನ ಗೋಪುರದಲ್ಲಿರುವುದು ಅಗಲವಾದ ಕೊಳವೆಗಳು ಮತ್ತು ಅವುಗಳಲ್ಲಿ ತುಂಬಿದ ಗಾಳಿ. ಕೆಲಸಗಾರ ಗೆದ್ದಲುಗಳು ರಿಪೇರಿಗೆ ಹತ್ತಿ ಇಳಿಯುತ್ತವೆ, ಆದರೆ ಮನೆ ಅದಲ್ಲ.

ಹಾಗಿದ್ದರೆ ಇಷ್ಟು ಮಣ್ಣು ಹೊತ್ತು ಇದನ್ನು ಕಟ್ಟುವುದು ಏಕೆ? ಕೆಳಗಿನ ಗೂಡಿನಲ್ಲಿ ನಡೆಯುತ್ತಿರುವುದನ್ನು ನೋಡಿದರೆ ಅರ್ಥವಾಗುತ್ತದೆ. ಅಲ್ಲಿ ಲಕ್ಷಗಟ್ಟಲೆ ಹುಳುಗಳಿವೆ. ರಾಣಿ ದಿನಕ್ಕೆ ಸಾವಿರಾರು ಮೊಟ್ಟೆ ಇಡುತ್ತದೆ. ಜೊತೆಗೆ ಒಂದು ತೋಟವಿದೆ. ಒಣಗಿದ ಎಲೆ, ಕಡ್ಡಿ, ಹುಲ್ಲನ್ನು ತಂದು, ಅರೆದು, ಅದರ ಮೇಲೆ ಟರ್ಮಿಟೊಮೈಸಿಸ್ ಎಂಬ ಶಿಲೀಂಧ್ರವನ್ನು ಬೆಳೆಸಿ ಇವು ತಿನ್ನುತ್ತವೆ. ಮಳೆ ಬಿದ್ದ ಮೇಲೆ ಹುತ್ತದ ಬಳಿ ಏಳುವ ಉದ್ದ ಕಾಲಿನ ಅಣಬೆ ಇದೇ ತೋಟದ್ದು. (ಹುತ್ತದ ಪಕ್ಕ ಎದ್ದ ಅಣಬೆಯೆಲ್ಲ ತಿನ್ನಲು ಯೋಗ್ಯ ಎಂದಲ್ಲ. ಗುರುತು ಗೊತ್ತಿಲ್ಲದಿದ್ದರೆ ಮುಟ್ಟಬೇಡಿ.)

ಹುಳುಗಳೂ ಉಸಿರಾಡುತ್ತವೆ, ಶಿಲೀಂಧ್ರವೂ ಉಸಿರಾಡುತ್ತದೆ. ಇಂಗಾಲದ ಡೈಆಕ್ಸೈಡ್ ಸದಾ ತುಂಬುತ್ತಿರುತ್ತದೆ. ಕಿಟಕಿಯಿಲ್ಲದ ಸಣ್ಣ ಕೋಣೆಯಲ್ಲಿ ನೂರು ಜನ ಕೂತು ಬಾಗಿಲು ಹಾಕಿಕೊಂಡಂತೆ. ಕಿಟಕಿ ತೆರೆದರೆ ಇನ್ನೊಂದು ತೊಂದರೆ: ಒಳಗಿನ ತೇವ ಆರಿ ಶಿಲೀಂಧ್ರ ಸಾಯುತ್ತದೆ, ಇರುವೆಗಳು ನುಗ್ಗುತ್ತವೆ. ಬಾಗಿಲು ತೆರೆಯದೆ ಕೆಟ್ಟ ಗಾಳಿಯನ್ನು ಹೊರಹಾಕಬೇಕು. ಗೋಪುರ ಇರುವುದು ಈ ಕೆಲಸಕ್ಕೆ. ಎಸಿಗಿಂತ ಇದನ್ನು ಶ್ವಾಸಕೋಶಕ್ಕೆ ಹೋಲಿಸುವುದೇ ಹೆಚ್ಚು ಸರಿ.

‘ಎಸಿ’ ಕತೆ ಎಲ್ಲಿಂದ ಬಂತು?

ಇದನ್ನು ವಾಟ್ಸಾಪ್ ಹುಟ್ಟಿಸಿದ್ದಲ್ಲ. ಸ್ವಿಟ್ಜರ್ಲೆಂಡ್‌ನ ವಿಜ್ಞಾನಿ ಮಾರ್ಟಿನ್ ಲೂಷರ್ ಪಶ್ಚಿಮ ಆಫ್ರಿಕಾದ ದೊಡ್ಡ ಹುತ್ತಗಳನ್ನು ಅಧ್ಯಯನ ಮಾಡಿ, 1961ರಲ್ಲಿ ‘ಹವಾನಿಯಂತ್ರಿತ ಗೆದ್ದಲು ಗೂಡು’ ಎಂಬ ಅರ್ಥದ ಶೀರ್ಷಿಕೆಯಲ್ಲಿ ಲೇಖನ ಬರೆದರು. ಗೂಡಿನೊಳಗಿನ ಹುಳು ಮತ್ತು ಶಿಲೀಂಧ್ರದ ಮೈಬಿಸಿಗೆ ಗಾಳಿ ಕಾದು ಮೇಲೇರುತ್ತದೆ, ಗೋಡೆಯ ಬಳಿಯ ಕೊಳವೆಗಳಲ್ಲಿ ತಣ್ಣಗಾಗಿ ಕೆಳಗಿಳಿಯುತ್ತದೆ ಎಂಬುದು ಅವರ ವಿವರಣೆ. ಆ ಕಾಲಕ್ಕೆ ಅದು ಒಳ್ಳೆಯ ಊಹೆ. ಆದರೆ ಕೊಳವೆಯೊಳಗೆ ಗಾಳಿ ಯಾವ ಕಡೆಗೆ, ಎಷ್ಟು ವೇಗದಲ್ಲಿ ಹರಿಯುತ್ತದೆ ಎಂದು ನೇರವಾಗಿ ಅಳೆಯಲು ಆಗ ಸಾಧ್ಯವಿರಲಿಲ್ಲ.

ಮುಂದೆ 1996ರಲ್ಲಿ ಜಿಂಬಾಬ್ವೆಯ ರಾಜಧಾನಿ ಹರಾರೆಯಲ್ಲಿ ವಾಸ್ತುಶಿಲ್ಪಿ ಮಿಕ್ ಪಿಯರ್ಸ್ ವಿನ್ಯಾಸದ ಈಸ್ಟ್‌ಗೇಟ್ ಎಂಬ ದೊಡ್ಡ ಕಟ್ಟಡ ಎದ್ದಿತು. ಹುತ್ತದಿಂದ ಸ್ಫೂರ್ತಿ ಪಡೆದ, ಮಾಮೂಲಿ ಎಸಿ ಇಲ್ಲದ ಕಟ್ಟಡ ಎಂದು ಅದು ಹೆಸರಾಯಿತು. ಫಾರ್ವರ್ಡ್‌ಗಳಲ್ಲಿ ಈ ಕಟ್ಟಡದ ಫೋಟೊ ಕೂಡ ಇರುತ್ತದೆ. ಕಟ್ಟಡ ಚೆನ್ನಾಗಿ ಕೆಲಸ ಮಾಡುತ್ತದೆ ಎಂಬುದು ನಿಜ. ಆದರೆ ಅಲ್ಲಿ ಗಾಳಿಯನ್ನು ತಳ್ಳಲು ವಿದ್ಯುತ್ ಫ್ಯಾನ್‌ಗಳಿವೆ. ರಾತ್ರಿಯ ತಂಪು ಗಾಳಿಯನ್ನು ಹಾಯಿಸಿ ದಪ್ಪ ಗೋಡೆ, ನೆಲಗಳನ್ನು ತಣಿಸಿಕೊಂಡು ಹಗಲಿನಲ್ಲಿ ಆ ತಂಪನ್ನು ಬಳಸುತ್ತಾರೆ. ಹುತ್ತ ಹಾಗೇ ಕೆಲಸ ಮಾಡುತ್ತದೆ ಎಂದು ಇದರಿಂದ ಸಾಬೀತಾಗುವುದಿಲ್ಲ.

ಇನ್ನು ‘ವರ್ಷವಿಡೀ ಒಂದೇ ತಾಪಮಾನ’ ಎಂಬ ಮಾತು. ನಮೀಬಿಯಾದಲ್ಲಿ ಹಲವು ವರ್ಷ ಹುತ್ತಗಳ ಬಗ್ಗೆ ಕೆಲಸ ಮಾಡಿದ ಸ್ಕಾಟ್ ಟರ್ನರ್ ಅವರ ಅಳತೆಗಳು ಬೇರೆಯೇ ಹೇಳುತ್ತವೆ. ಹಗಲಿಗೂ ರಾತ್ರಿಗೂ ನಡುವೆ ಅಲ್ಲಿನ ಗೂಡಿನ ತಾಪಮಾನ ಹೆಚ್ಚು ಬದಲಾಗುವುದಿಲ್ಲ, ಇದು ಸರಿ. ಆದರೆ ಚಳಿಗಾಲಕ್ಕೂ ಬೇಸಿಗೆಗೂ ನಡುವೆ ಹತ್ತು ಡಿಗ್ರಿಗಿಂತ ಹೆಚ್ಚು ಏರುಪೇರಾಗುತ್ತದೆ. ಸುತ್ತಲಿನ ಆಳದ ಮಣ್ಣು ಎಷ್ಟು ಬಿಸಿಯೋ ಗೂಡೂ ಅಷ್ಟೇ ಬಿಸಿ.

ಇದನ್ನು ಅರ್ಥ ಮಾಡಿಕೊಳ್ಳಲು ನಮ್ಮ ಹಳೆಯ ಹಗೇವನ್ನು ನೆನೆಸಿಕೊಳ್ಳಿ. ಜೋಳ, ರಾಗಿ ತುಂಬಿಡಲು ನೆಲದಲ್ಲಿ ತೋಡುತ್ತಿದ್ದ ಆಳದ ಗುಂಡಿ ಅದು. ಮಧ್ಯಾಹ್ನದ ಬಿಸಿಲು ಅಲ್ಲಿಗೆ ಇಳಿಯುವಷ್ಟರಲ್ಲಿ ಸಂಜೆಯಾಗಿ, ಮೇಲಿನ ಮಣ್ಣು ತಣ್ಣಗಾಗಿರುತ್ತದೆ. ಹಗೇವಿಗೆ ಯಾರೂ ಎಸಿ ಹಾಕಿರಲಿಲ್ಲ. ಸ್ಥಿರವಾದ ತಾಪಮಾನ ಕೊಡುವುದು ಮುಖ್ಯವಾಗಿ ನೆಲ.

ಬೆಂಗಳೂರಿನ ಹುತ್ತಗಳು ತೋರಿಸಿಕೊಟ್ಟಿದ್ದು

ಹಾಗಾದರೆ ಗಾಳಿ ಆಡುವುದು ಹೇಗೆ? ಇದಕ್ಕೆ ನೇರ ಅಳತೆಯ ಉತ್ತರ ಸಿಕ್ಕಿದ್ದು ನಮ್ಮ ಹುತ್ತದಲ್ಲೇ. ಹಾರ್ವರ್ಡ್ ವಿಶ್ವವಿದ್ಯಾಲಯದ ಎಲ್. ಮಹಾದೇವನ್ ಅವರೊಂದಿಗೆ ಹಂಟರ್ ಕಿಂಗ್ ಮತ್ತು ಸ್ಯಾಮ್ಯುಯೆಲ್ ಓಕೊ ಬೆಂಗಳೂರಿನಲ್ಲಿ ಒಡಾಂಟೊಟರ್ಮಿಸ್ ಒಬೆಸಸ್ ಹುತ್ತಗಳನ್ನು ಅಧ್ಯಯನ ಮಾಡಿ, ಫಲಿತಾಂಶವನ್ನು 2015ರಲ್ಲಿ ಪ್ರಕಟಿಸಿದರು. ಹುತ್ತದ ಕೊಳವೆಗಳಲ್ಲಿ ಅತಿ ನಿಧಾನದ ಗಾಳಿಯನ್ನೂ ಗುರುತಿಸಬಲ್ಲ ಸಣ್ಣ ಸಾಧನ ಇಟ್ಟು, ಹಗಲು ರಾತ್ರಿ ಅಳೆದರು.

ನಮ್ಮ ಹುತ್ತವನ್ನು ಒಮ್ಮೆ ಸರಿಯಾಗಿ ನೋಡಿ. ಅದು ನುಣ್ಣನೆಯ ಗುಡ್ಡೆಯಲ್ಲ. ಸುತ್ತ ಉದ್ದುದ್ದ ಏಣುಗಳು ಹೊರಚಾಚಿರುತ್ತವೆ. ಆ ಏಣುಗಳ ಒಳಗೆ ತೆಳು ಗೋಡೆಯ ಕೊಳವೆಗಳಿವೆ. ನಡುಭಾಗದಲ್ಲಿ ದಪ್ಪ ಮಣ್ಣಿನ ಆಸರೆಯಲ್ಲಿ ದೊಡ್ಡ ಕೊಳವೆಗಳಿವೆ.

ಬೆಳಗ್ಗೆ ವಾತಾವರಣ ಬಿಸಿಯಾದಂತೆ ತೆಳುವಾದ ಏಣುಗಳು ಬೇಗ ಕಾಯುತ್ತವೆ. ನಡುಭಾಗ ಇನ್ನೂ ತಣ್ಣಗಿರುತ್ತದೆ. ಒಂದೇ ಮನೆಯಲ್ಲಿ ತಗಡಿನ ಚಾವಣಿ ಬೆಳಗ್ಗೆ ಒಂಬತ್ತಕ್ಕೇ ಸುಡುತ್ತದೆ, ಮಣ್ಣಿನ ಗೋಡೆ ಮಧ್ಯಾಹ್ನವಾದರೂ ತಂಪಿರುತ್ತದೆ ಅಲ್ಲವೇ, ಹಾಗೆ. ಬಿಸಿಗಾಳಿ ಏಣುಗಳಲ್ಲಿ ಮೇಲೇರುತ್ತದೆ, ನಡುವಿನ ಕೊಳವೆಯಲ್ಲಿ ಕೆಳಗಿಳಿಯುತ್ತದೆ. ರಾತ್ರಿ ಎಲ್ಲ ತಿರುವುಮುರುವು. ಏಣುಗಳು ಬೇಗ ತಣಿಯುತ್ತವೆ, ನಡುಭಾಗ ಹಗಲಿನ ಬಿಸಿಯನ್ನು ಹಿಡಿದಿಟ್ಟುಕೊಂಡಿರುತ್ತದೆ. ಈಗ ಗಾಳಿ ನಡುವೆ ಏರಿ, ಏಣುಗಳಲ್ಲಿ ಇಳಿಯುತ್ತದೆ.

ಅಂದರೆ ದಿನಕ್ಕೆರಡು ಸಲ ಹುತ್ತದ ಉಸಿರಿನ ದಿಕ್ಕು ಬದಲಾಗುತ್ತದೆ. ವೇಗ ಸೆಕೆಂಡಿಗೆ ಕೆಲವೇ ಸೆಂಟಿಮೀಟರ್. ಕೈಗೆ ಗೊತ್ತೇ ಆಗದಷ್ಟು. ಆದರೆ ಗೂಡಿನ ಇಂಗಾಲದ ಡೈಆಕ್ಸೈಡ್ ಅನ್ನು ಹೊರಗೋಡೆಯ ಹತ್ತಿರ ತಂದು ಬಿಡಲು ಇಷ್ಟು ಸಾಕು. ಅಲ್ಲಿಂದ ಅದು ಮಣ್ಣಿನ ಕಣ್ಣಿಗೆ ಕಾಣದ ರಂಧ್ರಗಳ ಮೂಲಕ ಸೋರಿ ಹೋಗುತ್ತದೆ. ಈ ಪ್ರಭೇದದ ಜೀವಂತ ಹುತ್ತಕ್ಕೆ ಹೊರಗೆ ತೆರೆದ ದೊಡ್ಡ ಬಾಯಿ ಬೇಕಿಲ್ಲ. ಗೋಡೆಯೇ ಉಸಿರಾಡುತ್ತದೆ.

ಗೆದ್ದಲಿಲ್ಲದ ಖಾಲಿ ಹುತ್ತದಲ್ಲೂ ಗಾಳಿ ಇದೇ ರೀತಿ ಹರಿಯುವುದನ್ನು ತಂಡ ಗಮನಿಸಿತು. ಹಾಗಾಗಿ ಇಲ್ಲಿ ಗಾಳಿಯನ್ನು ನಡೆಸುವುದು ಹುಳುಗಳ ಮೈಬಿಸಿಯಲ್ಲ. ಹಗಲು ರಾತ್ರಿಯ ತಾಪಮಾನದ ವ್ಯತ್ಯಾಸ ಮತ್ತು ಹುತ್ತದ ಆಕಾರ, ಇವೆರಡೇ ಸಾಕು.

ಊರಿಗೊಂದು ಬಿಸಿಲು, ಊರಿಗೊಂದು ಹುತ್ತ

ಹುತ್ತದ ಕೆಲಸ ಸುತ್ತಲಿನ ಹವೆಯನ್ನು ನೆಚ್ಚಿಕೊಂಡಿದ್ದರೆ, ಹವೆ ಬದಲಾದ ಕಡೆ ಆಕಾರವೂ ಬದಲಾಗಬೇಕು. ಹಾಗೇ ಆಗುತ್ತದೆ.

ಪಶ್ಚಿಮ ಆಫ್ರಿಕಾದ ಐವರಿ ಕೋಸ್ಟ್ ದೇಶದಲ್ಲಿ ಕೊಮೊಯೆ ರಾಷ್ಟ್ರೀಯ ಉದ್ಯಾನವಿದೆ. ಅಲ್ಲಿ ಬಿಸಿಲು ಬೀಳುವ ಹುಲ್ಲುಗಾವಲೂ ಇದೆ, ಹೊಳೆ ದಂಡೆಯ ನೆರಳಿನ ಕಾಡೂ ಇದೆ. ಎರಡೂ ಕಡೆ ಮ್ಯಾಕ್ರೊಟರ್ಮಿಸ್ ಬೆಲ್ಲಿಕೋಸಸ್ ಎಂಬ ಒಂದೇ ಪ್ರಭೇದ ಹುತ್ತ ಕಟ್ಟುತ್ತದೆ. ಜರ್ಮನಿಯ ಸಂಶೋಧಕರಾದ ಯುಡಿತ್ ಕೋರ್ಬ್ ಮತ್ತು ಎಡ್ವರ್ಡ್ ಲಿನ್ಸೆನ್‌ಮೈರ್ ಇವನ್ನು ಹೋಲಿಸಿ ನೋಡಿದರು. ಹುಲ್ಲುಗಾವಲಿನ ಹುತ್ತ ಶಿಖರ, ಏಣುಗಳಿಂದ ತುಂಬಿ, ತೆಳು ಗೋಡೆ ಹೊಂದಿರುತ್ತದೆ. ಕಾಡಿನ ಹುತ್ತ ಬೋರಲು ಹಾಕಿದ ಬೋಗುಣಿಯಂತೆ ಗುಂಡಗೆ, ಗೋಡೆ ದಪ್ಪ.

ಕಾರಣ ಹೀಗೆ. ಕಾಡಿನಲ್ಲಿ ತಂಪು ಹೆಚ್ಚು, ಶಿಲೀಂಧ್ರಕ್ಕೆ ಬೇಕಾದ ಬಿಸಿಯನ್ನು ಉಳಿಸಿಕೊಳ್ಳಲು ದಪ್ಪ ಕಂಬಳಿ ಬೇಕು. ಆದರೆ ಗೋಡೆ ದಪ್ಪವಾದಷ್ಟೂ ಗಾಳಿ ಆಡುವುದು ಕಡಿಮೆ. ಬಿಸಿ ಉಳಿಸಬೇಕೋ ಉಸಿರಾಡಬೇಕೋ ಎಂಬ ಇಕ್ಕಟ್ಟಿನಲ್ಲಿ ಕಾಡಿನ ಗೆದ್ದಲು ಒಂದು ರಾಜಿಗೆ ಬಂದಿದೆ. ಪ್ರಯೋಗವಾಗಿ ಕಾಡಿನ ಹುತ್ತಗಳ ಸುತ್ತಲಿನ ಬಿಸಿ ಹೆಚ್ಚಾಗುವಂತೆ ಮಾಡಿದಾಗ, ಅವುಗಳ ಆಕಾರವೂ ಹುಲ್ಲುಗಾವಲಿನ ಹುತ್ತದ ಕಡೆಗೆ ವಾಲಿತು. ಆಕಾರ ಹುಟ್ಟಿನಿಂದಲೇ ಪೂರ್ತಿ ನಿಗದಿಯಾಗಿರುವುದಿಲ್ಲ ಎಂದಾಯಿತು.

ಇನ್ನೊಂದು ಉದಾಹರಣೆ ಆಸ್ಟ್ರೇಲಿಯಾದ ಉತ್ತರ ಭಾಗದ್ದು. ಡಾರ್ವಿನ್ ನಗರದ ಹತ್ತಿರದ ಲಿಚ್‌ಫೀಲ್ಡ್ ರಾಷ್ಟ್ರೀಯ ಉದ್ಯಾನದಲ್ಲಿ ನೂರಾರು ಹುತ್ತಗಳು ಸಮಾಧಿ ಕಲ್ಲುಗಳಂತೆ ಒಂದೇ ದಿಕ್ಕಿಗೆ ನಿಂತಿವೆ. ಅಗಲ ಮುಖ ಪೂರ್ವ ಪಶ್ಚಿಮಕ್ಕೆ, ತೆಳು ಅಂಚು ಉತ್ತರ ದಕ್ಷಿಣಕ್ಕೆ. ಬೆಳಗಿನ ಎಳೆ ಬಿಸಿಲು ಅಗಲ ಮುಖದ ಮೇಲೆ ಬಿದ್ದು ಹುತ್ತ ಬೇಗ ಬೆಚ್ಚಗಾಗುತ್ತದೆ. ನಡುಹಗಲ ಸುಡುಬಿಸಿಲು ಬರೀ ಅಂಚಿನ ಮೇಲೆ ಬೀಳುವುದರಿಂದ ಹೆಚ್ಚು ಕಾಯುವುದಿಲ್ಲ. ಆ ಬಯಲು ಮಳೆಗಾಲದಲ್ಲಿ ನೀರು ನಿಲ್ಲುವ ಜಾಗ. ಬೇರೆ ಗೆದ್ದಲಿನಂತೆ ನೆಲದಾಳಕ್ಕೆ ಇಳಿದು ತಪ್ಪಿಸಿಕೊಳ್ಳುವಂತಿಲ್ಲ, ಮೇಲೇ ಇರಬೇಕು. ಹಾಗಾಗಿ ಇಲ್ಲಿ ಗೋಪುರವೇ ಮನೆ, ತಾಪಮಾನ ಕಾಯ್ದುಕೊಳ್ಳುವ ಹೊಣೆಯೂ ಅದರದ್ದೇ. ಈ ಗೆದ್ದಲಿನ ಹತ್ತಿರದ ಸಂಬಂಧಿಯೊಂದು ನೀರು ನಿಲ್ಲುವ ಜಾಗದಲ್ಲಿ ಹೀಗೆ ಹಲಗೆಯಂಥ ಹುತ್ತವನ್ನೂ, ನೀರು ಬಸಿದುಹೋಗುವ ಜಾಗದಲ್ಲಿ ಗುಂಡನೆಯ ಹುತ್ತವನ್ನೂ ಕಟ್ಟುತ್ತದೆ.

ಆಫ್ರಿಕಾದ ದಟ್ಟ ಮಳೆಕಾಡಿನಲ್ಲಿ ಬಿಸಿಲಿಗಿಂತ ಮಳೆಯದ್ದೇ ಚಿಂತೆ. ಅಲ್ಲಿನ ಕ್ಯೂಬಿಟರ್ಮಿಸ್ ಗುಂಪಿನ ಕೆಲವು ಗೆದ್ದಲುಗಳ ಸಣ್ಣ ಹುತ್ತಕ್ಕೆ ಅಣಬೆಯ ತಲೆಯಂಥ ಟೋಪಿ ಇರುತ್ತದೆ. ಗೋಡೆಗೆ ನೀರು ತಾಗದೆ ಆಚೆ ಬೀಳಲು ನಮ್ಮ ಮನೆಯ ಸೂರು ಮಾಡುವ ಕೆಲಸವನ್ನೇ ಅದು ಮಾಡುತ್ತದೆ.

ಹಾಗಾಗಿ ‘ಹುತ್ತದೊಳಗೆ ಇಷ್ಟೇ ಡಿಗ್ರಿ’ ಎಂದು ಒಂದೇ ಅಂಕಿಯನ್ನು ಎಲ್ಲ ಹುತ್ತಕ್ಕೂ ಹಚ್ಚುವುದೇ ತಪ್ಪು. ಯಾವ ಗೆದ್ದಲು, ಯಾವ ಊರು, ಯಾವ ಕಾಲ ಎಂದು ಕೇಳದೆ ಉತ್ತರವಿಲ್ಲ.

ನಕ್ಷೆಯಿಲ್ಲ, ಮೇಸ್ತ್ರಿಯಿಲ್ಲ

ಇಷ್ಟೆಲ್ಲ ಲೆಕ್ಕಾಚಾರ ಹಾಕುವವರು ಯಾರು? ಯಾರೂ ಇಲ್ಲ. ರಾಣಿ ಆಜ್ಞೆ ಮಾಡುವುದಿಲ್ಲ, ಅದು ಮೊಟ್ಟೆ ಇಡುತ್ತದೆ ಅಷ್ಟೇ. ಹುತ್ತದ ಗಾತ್ರದ ಮುಂದೆ ತೀರಾ ಸಣ್ಣದಾದ ಕೆಲಸಗಾರ ಗೆದ್ದಲಿಗೆ ಪೂರ್ತಿ ಗೋಪುರ ಹೇಗಿದೆ ಎಂಬ ಕಲ್ಪನೆಯೂ ಇರುವುದಿಲ್ಲ.

ಫ್ರಾನ್ಸ್‌ನ ಪಿಯರ್ ಪಾಲ್ ಗ್ರಾಸೆ 1959ರಲ್ಲಿ ಇದಕ್ಕೊಂದು ವಿವರಣೆ ಕೊಟ್ಟರು. ಒಂದು ಗೆದ್ದಲು ಮಣ್ಣಿನ ಉಂಡೆ ಇಟ್ಟರೆ, ಆ ಉಂಡೆಯೇ ಮುಂದಿನ ಗೆದ್ದಲಿಗೆ ಸೂಚನೆ. ಕೆಲಸವೇ ಕೆಲಸಗಾರರನ್ನು ನಡೆಸುತ್ತದೆ. ಇದರ ಜೊತೆಗೆ ತೇವ ಎಲ್ಲಿ ಆರುತ್ತಿದೆ, ಗೋಡೆ ಎಲ್ಲಿ ಬಾಗಿದೆ, ಒಣಗಾಳಿ ಎಲ್ಲಿಂದ ನುಗ್ಗುತ್ತಿದೆ ಎಂಬಂಥ ಸ್ಥಳೀಯ ಸುಳಿವುಗಳಿಗೂ ಅವು ಸ್ಪಂದಿಸುತ್ತವೆ. ಹುತ್ತ ಎಲ್ಲಾದರೂ ಒಡೆದರೆ ಅಲ್ಲಿಗೆ ಹುಳುಗಳು ಸೇರಿ ಮೆತ್ತಲು ಶುರುಮಾಡುವುದು ಇದಕ್ಕೇ. ಹೀಗೆ ದಿನವೂ ಒಂದೆಡೆ ಕೆರೆದು ಇನ್ನೊಂದೆಡೆ ಮೆತ್ತಿ, ಹವೆ ಒಪ್ಪುವ ಆಕಾರಕ್ಕೆ ಹುತ್ತ ನಿಧಾನವಾಗಿ ಬರುತ್ತದೆ.

ಆ ಉಂಡೆಗಳ ಬಗ್ಗೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಜೀವವಿಜ್ಞಾನಿ ರೆನೀ ಬೋರ್ಜಸ್ ಮತ್ತು ಸಿವಿಲ್ ಎಂಜಿನಿಯರಿಂಗ್‌ನ ತೇಜಸ್ ಮೂರ್ತಿ ಅವರ ತಂಡ ಸಂಶೋಧನೆ ಮಾಡಿದೆ. ನಮ್ಮ ಹುತ್ತದ ಗೆದ್ದಲು ಎರಡು ಗಾತ್ರದ ಉಂಡೆ ಮಾಡುತ್ತದೆ. ದೊಡ್ಡ ಉಂಡೆಗಳ ಸಂದಿಯಲ್ಲಿ ಚಿಕ್ಕವು ಕೂರುತ್ತವೆ, ಸೈಜುಗಲ್ಲಿನ ಗೋಡೆಗೆ ಚಕ್ಕೆ ತುಂಬಿದಂತೆ. ಮಣ್ಣಿನಲ್ಲಿ ಹದವಾದ ತೇವವಿರಬೇಕು, ಒಣ ಹುಡಿಯೂ ಆಗದು, ಕೆಸರೂ ಆಗದು. ಇಟ್ಟಿಗೆ ಮಾಡುವವರಿಗೆ ಈ ಹದ ಗೊತ್ತು. ಗೆದ್ದಲಿನ ಮೈಯಿಂದ ಬರುವ ದ್ರವ ಸೇರಿ ಮಣ್ಣಿನ ಗಟ್ಟಿತನ ಸುಮಾರು ಹತ್ತು ಪಟ್ಟು ಹೆಚ್ಚುತ್ತದೆ ಎಂದೂ ಅಳತೆ ತೋರಿಸಿದೆ. ಗುದ್ದಲಿಗೂ ಬಗ್ಗದ ಹುತ್ತ ಏಕೆ ಅಷ್ಟು ಗಟ್ಟಿ ಎಂಬುದಕ್ಕೆ ಇದು ಉತ್ತರ.

ಹುತ್ತ ಇದ್ದಲ್ಲಿ ಬೋರ್ ಕೊರೆಸಬಹುದೇ?

ಈಗ ಹಣ ಕಳೆಯುವ ಪ್ರಶ್ನೆಗೆ ಬರೋಣ. ಈ ನಂಬಿಕೆ ಹಳೆಯದು. ಆರನೇ ಶತಮಾನದ ವರಾಹಮಿಹಿರನ ‘ಬೃಹತ್ಸಂಹಿತೆ’ಯಲ್ಲಿ ನೆಲದಡಿಯ ನೀರು ಹುಡುಕುವ ಬಗ್ಗೆ ಒಂದು ಅಧ್ಯಾಯವಿದೆ. ಕೆಲವು ಮರ ಮತ್ತು ಹುತ್ತ ಜೊತೆಗಿದ್ದರೆ ನೀರಿನ ಸೂಚನೆ ಎಂದು ಅಲ್ಲಿ ಹೇಳಿದೆ. ಫಾರ್ವರ್ಡ್‌ಗಳು ಹೇಳುವ ‘ಹಿರಿಯರ ವಿಜ್ಞಾನ’ದ ಮೂಲ ಇದು.

ಇದರಲ್ಲಿ ಅರ್ಥವಿಲ್ಲದೆ ಇಲ್ಲ. ಗೆದ್ದಲಿಗೆ ತೇವ ಬೇಕು, ಅಂಟುವ ಜೇಡಿಮಣ್ಣು ಬೇಕು. ಹುತ್ತ ಇದ್ದಲ್ಲಿ ಮೇಲಿನ ಪದರದ ಮಣ್ಣು ತೇವ ಹಿಡಿಯುತ್ತದೆ ಎಂದು ಊಹಿಸಬಹುದು. ಕೈಯಿಂದ ತೋಡುವ, ಕೆಲವೇ ಆಳುದ್ದದ ಬಾವಿಯ ಕಾಲಕ್ಕೆ ಅದು ಒಂದು ಸುಳಿವಾಗಿದ್ದಿರಬಹುದು.

ಆದರೆ ಇಂದು ನಾವು ಕೊರೆಸುವುದು ನೂರಾರು ಅಡಿ, ಕೆಲವು ಜಿಲ್ಲೆಗಳಲ್ಲಿ ಸಾವಿರ ಅಡಿಗೂ ಹೆಚ್ಚು. ಕರ್ನಾಟಕದ ಹೆಚ್ಚಿನ ಭಾಗದಲ್ಲಿ ಮೇಲಿನ ಮಣ್ಣಿನಡಿ ಇರುವುದು ಗಟ್ಟಿ ಬಂಡೆ. ಬೋರ್‌ವೆಲ್‌ಗೆ ನೀರು ಬರುವುದು ಆ ಬಂಡೆಯ ಬಿರುಕುಗಳಿಂದ. ಬಿರುಕು ಎಲ್ಲಿದೆ, ಅದು ಮಳೆನೀರಿನಿಂದ ಮರುಪೂರಣವಾಗುತ್ತಿದೆಯೇ ಎಂಬುದು ಮೇಲಿನ ಮಣ್ಣಿನಲ್ಲಿ ಓಡಾಡುವ ಗೆದ್ದಲಿಗೆ ತಿಳಿಯುವ ವಿಷಯವಲ್ಲ. ಹುತ್ತದ ತೇವ ಬೇರೆ, ಪಂಪು ಎತ್ತುವ ನೀರು ಬೇರೆ.

ಮತ್ತೆ, ‘ನಮ್ಮೂರಲ್ಲಿ ಹುತ್ತದ ಪಕ್ಕ ಕೊರೆದಾಗ ನೀರು ಬಂತು’ ಎನ್ನುವವರು ಇದ್ದೇ ಇರುತ್ತಾರೆ. ಬಂದದ್ದು ಸುಳ್ಳಲ್ಲ. ಆದರೆ ಹುತ್ತದ ಪಕ್ಕ ಕೊರೆದೂ ಬರೀ ಪುಡಿ ಬಂದ ಬೋರುಗಳ ಬಗ್ಗೆ ಯಾರೂ ಸ್ಟೇಟಸ್ ಹಾಕುವುದಿಲ್ಲ. ಹುತ್ತವಿಲ್ಲದ ಜಾಗದಲ್ಲಿ ನೀರು ಬಂದದ್ದನ್ನು ಯಾರೂ ಲೆಕ್ಕ ಇಡುವುದಿಲ್ಲ. ತೆಂಗಿನಕಾಯಿ ಹಿಡಿದು ಪಾಯಿಂಟ್ ನೋಡುವುದಕ್ಕೂ ಇದೇ ಮಾತು. ಹಣ ಹಾಕುವ ಮೊದಲು ಭೂವಿಜ್ಞಾನಿಯಿಂದ ಸ್ಥಳ ಪರೀಕ್ಷೆ ಮಾಡಿಸಿ. ಜಿಲ್ಲೆಯ ಅಂತರ್ಜಲ ಕಚೇರಿಯಲ್ಲಿ ವಿಚಾರಿಸಿ, ಸುತ್ತಲಿನ ಬೋರುಗಳ ಆಳ ಮತ್ತು ನೀರಿನ ಮಟ್ಟ ಕೇಳಿ ತಿಳಿಯಿರಿ. ಅವರೂ ಗ್ಯಾರಂಟಿ ಕೊಡುವುದಿಲ್ಲ, ಆದರೆ ಅವರು ನೋಡುವುದು ಬಂಡೆಯನ್ನು.

ಹಾವು, ಹಾಲು, ಹುತ್ತದ ಮಣ್ಣು

ನಾಗರ ಪಂಚಮಿಗೆ ಹುತ್ತಕ್ಕೆ ತನಿ ಎರೆಯುವುದು ಹಲವರ ಭಕ್ತಿಯ ವಿಷಯ. ಅದನ್ನು ಪ್ರಶ್ನಿಸುವುದು ನಮ್ಮ ಕೆಲಸವಲ್ಲ. ಹಾವಿನ ಬಗ್ಗೆ ಮಾತ್ರ ಹೇಳುತ್ತೇವೆ: ಹಾಲು ಹಾವಿನ ಆಹಾರವಲ್ಲ. ಅದು ತಿನ್ನುವುದು ಇಲಿ, ಕಪ್ಪೆಯಂಥ ಪ್ರಾಣಿಗಳನ್ನು.

ಹುತ್ತದಲ್ಲಿ ಬಿಲ ಕಂಡರೆ ಕೈ, ಕೋಲು ಹಾಕಬೇಡಿ. ಆರೋಗ್ಯವಾಗಿರುವ ನಮ್ಮ ಹುತ್ತ ಮುಚ್ಚಿಯೇ ಇರುತ್ತದೆ ಎಂದು ಮೇಲೆ ನೋಡಿದೆವು. ತೆರೆದ ಬಿಲವಿದ್ದರೆ ಅದನ್ನು ಇಲಿಯೋ ಹಾವೋ ಇನ್ನಾವುದೋ ಪ್ರಾಣಿಯೋ ಬಳಸುತ್ತಿರಬಹುದು. ಮಕ್ಕಳಿಗೂ ಇದನ್ನು ಹೇಳಿಕೊಡಿ.

ಹಾವು ಕಚ್ಚಿದ ಜಾಗಕ್ಕೆ ಹುತ್ತದ ಮಣ್ಣು ಹಚ್ಚಿದರೆ ವಿಷ ಇಳಿಯುತ್ತದೆ ಎಂಬ ಮಾತು ಸುಳ್ಳು ಮತ್ತು ಅಪಾಯಕಾರಿ. ಚರ್ಮದ ಮೇಲಿನ ಮಣ್ಣು ಒಳಗೆ ಹೋದ ವಿಷವನ್ನು ಹೀರುವುದಿಲ್ಲ. ಗಾಯಕ್ಕೆ ಸೋಂಕು, ಧನುರ್ವಾಯು ತಗುಲುವ ಸಾಧ್ಯತೆ ಬೇರೆ. ಕೊಯ್ಯಬೇಡಿ, ಬಾಯಿಂದ ಹೀರಬೇಡಿ, ಬಿಗಿಯಾಗಿ ಹಗ್ಗ ಕಟ್ಟಬೇಡಿ. ಕಚ್ಚಿಸಿಕೊಂಡವರಿಗೆ ಧೈರ್ಯ ಹೇಳಿ, ಕೈಕಾಲು ಅಲುಗಾಡದಂತೆ ನೋಡಿಕೊಂಡು, ಉಂಗುರ, ಬಳೆ ತೆಗೆದು, 108ಕ್ಕೆ ಕರೆ ಮಾಡಿ ಅಥವಾ ಸಿಕ್ಕ ವಾಹನದಲ್ಲಿ ಆಸ್ಪತ್ರೆಗೆ ಸೇರಿಸಿ. ವಿಷಕ್ಕೆ ಔಷಧ ಅಲ್ಲಿ ಕೊಡುವ ಪ್ರತಿವಿಷದ ಇಂಜೆಕ್ಷನ್ ಮಾತ್ರ.

ಹಾಗಾದರೆ ಹುತ್ತ ಒಡೆಯಬೇಕೇ, ಬಿಡಬೇಕೇ?

ಗೆದ್ದಲಿನಿಂದ ನಷ್ಟವಿಲ್ಲ ಎಂದು ನಾವು ಹೇಳುವುದಿಲ್ಲ. ಒಡಾಂಟೊಟರ್ಮಿಸ್ ಒಬೆಸಸ್ ಕಬ್ಬು, ಗೋಧಿಯಂಥ ಬೆಳೆಗಳಿಗೂ ಮರಮುಟ್ಟಿಗೂ ಹಾನಿ ಮಾಡುತ್ತದೆ. ಮನೆಯ ಬಾಗಿಲಚೌಕಟ್ಟು ತಿಂದುಕೊಂಡವರಿಗೆ ಅದರ ಕಷ್ಟ ಗೊತ್ತು. ಆದರೆ ಗೆದ್ದಲುಗಳಲ್ಲಿ ಹೀಗೆ ತೊಂದರೆ ಕೊಡುವ ಪ್ರಭೇದಗಳು ಸ್ವಲ್ಪವೇ. ಒಣಗಿದ ಎಲೆ, ಕಡ್ಡಿಯನ್ನು ಮಣ್ಣಿಗೆ ಸೇರಿಸುವುದು, ಆಳದ ಮಣ್ಣನ್ನು ಮೇಲೆ ತರುವುದು, ಮಳ��ನೀರು ಇಂಗಲು ದಾರಿ ಮಾಡುವುದು ಅವುಗಳ ದಿನದ ಕೆಲಸ. ಬೆಳೆಗೂ ಮನೆಗೂ ದೂರದ ಗುಡ್ಡದಲ್ಲಿರುವ ಹುತ್ತವನ್ನು ಅದರ ಪಾಡಿಗೆ ಬಿಡಬಹುದು. ತೊಂದರೆ ಇದ್ದರೆ ಕೃಷಿ ಇಲಾಖೆಯವರನ್ನು ಕೇಳಿ ಕ್ರಮ ತೆಗೆದುಕೊಳ್ಳಿ. ಬರೀ ಗೋಪುರವನ್ನು ಕೆಡವಿದರೆ ಕೆಳಗಿನ ಗೂಡು ಹಾಗೇ ಇರುತ್ತದೆ, ಅವು ಮತ್ತೆ ಕಟ್ಟುತ್ತವೆ.

ಒಟ್ಟಿನಲ್ಲಿ

ಹುತ್ತ ಕಟ್ಟುವುದು ಹಾವು: ಸುಳ್ಳು. ಕಟ್ಟುವುದು ಗೆದ್ದಲು, ಹಾವು ಬಾಡಿಗೆ ಕೊಡದ ಬಾಡಿಗೆದಾರ.

ಹುತ್ತ ಒಂದು ಎಸಿ: ಅರ್ಧ ಸತ್ಯ. ಹಲವು ಹುತ್ತಗಳ ಮುಖ್ಯ ಕೆಲಸ ಗಾಳಿಯ ವಿನಿಮಯ. ಗೂಡು ನೆಲದಡಿ ಇರುವ ಕಡೆ ತಾಪಮಾನದ ಸ್ಥಿರತೆ ಬರುವುದು ಬಹುಪಾಲು ನೆಲದಿಂದ.

ಒಳಗೆ ವರ್ಷವಿಡೀ ಒಂದೇ ತಾಪಮಾನ: ಎಲ್ಲ ಹುತ್ತಕ್ಕೂ ಇದು ನಿಜವಲ್ಲ.

ಹುತ್ತ ಇದ್ದಲ್ಲಿ ಬೋರ್‌ವೆಲ್ ನೀರು ಗ್ಯಾರಂಟಿ: ಸುಳ್ಳು.

ಹುತ್ತದ ಮಣ್ಣು ಹಾವಿನ ವಿಷಕ್ಕೆ ಮದ್ದು: ಸುಳ್ಳು. ನಂಬಿದರೆ ಪ್ರಾಣಕ್ಕೆ ಅಪಾಯ.

ಹುತ್ತ ತಾನು ನಿಂತ ಜಾಗದ ಬಗ್ಗೆ ಖಂಡಿತ ಏನನ್ನೋ ಹೇಳುತ್ತದೆ. ಅಲ್ಲಿ ಬಿಸಿಲು ಹೇಗೆ ಬೀಳುತ್ತದೆ, ಮಳೆಗಾಲದಲ್ಲಿ ನೀರು ನಿಲ್ಲುತ್ತದೆಯೇ, ಹಗಲು ರಾತ್ರಿಯ ನಡುವೆ ಹವೆ ಎಷ್ಟು ಬದಲಾಗುತ್ತದೆ, ಮಣ್ಣು ಎಂಥದ್ದು ಎಂಬುದೆಲ್ಲ ಅದರ ಆಕಾರದಲ್ಲಿ ಸೇರಿರುತ್ತದೆ. ಸಾವಿರ ಅಡಿ ಕೆಳಗಿನ ನೀರಿನ ಬಗ್ಗೆ ಮಾತ್ರ ಅದಕ್ಕೆ ಏನೂ ಗೊತ್ತಿಲ್ಲ. ಮುಂದಿನ ಸಲ ಆ ಫಾರ್ವರ್ಡ್ ಬಂದಾಗ, ಕಳಿಸಿದವರ ಮೇಲೆ ಸಿಟ್ಟಾಗಬೇಡಿ. ಬೆಂಗಳೂರಿನ ಹುತ್ತ ಹಗಲೊಂದು ಕಡೆ, ರಾತ್ರಿ ಇನ್ನೊಂದು ಕಡೆ ಉಸಿರಾಡುವ ಕತೆಯನ್ನು ಅವರಿಗೆ ಹೇಳಿ. ಬೋರ್ ಕೊರೆಸಲು ಹೊರಟ ನೆಂಟರಿದ್ದರೆ ಅವರಿಗೆ ಮೊದಲು ಹೇಳಿ.